ಬೈಜಿಯು ಕುಡಿದ ಮರುದಿನ: ಫೋಶಾನ್‌ನ ನಾಲ್ಕು ಮದ್ದುಗಳು

ಟೈಲ್ಸ್ ಖರೀದಿಗೆಂದು ದಕ್ಷಿಣ ಚೀನಾದ ಫೋಶಾನ್‌ಗೆ ಹೋಗಿಬರುವವರಿಗೆ ಅಲ್ಲಿನ ರಾತ್ರಿಯೂಟ ಗೊತ್ತು. ದುಂಡು ಮೇಜು, ಒಂದೇ ಗುಟುಕಿನ ಪುಟ್ಟ ಗ್ಲಾಸು, ಅದರ ತುಂಬ ಬೈಜಿಯು ಎಂಬ ಶೇ. 52ರಷ್ಟು ಆಲ್ಕೋಹಾಲ್‌ನ ಚೀನೀ ಮದ್ಯ, ಒಬ್ಬೊಬ್ಬರೇ ಎದ್ದುಬಂದು ‘ಗಾನ್‌ಬೇ’ (ಗ್ಲಾಸು ಖಾಲಿ ಮಾಡಿ) ಎನ್ನುವುದು. ಮರುದಿನ ತಲೆಯೂ ಸಿಡಿಯುತ್ತದೆ, ಹೊಟ್ಟೆಯೂ ತೊಳಸುತ್ತದೆ. ಮದ್ದಿನಂಗಡಿಯವರು ಎರಡಕ್ಕೂ ಒಂದೇ ಡಬ್ಬಿ ಕೊಟ್ಟು ಕಳಿಸುತ್ತಾರೆ. ನಾನು ತೆಗೆದುಕೊಂಡು ನೋಡಿದ ಮಟ್ಟಿಗೆ ಇವುಗಳಲ್ಲಿ ಕೆಲವು ಹೊಟ್ಟೆಗೆ ಆಗುತ್ತವೆ. ತಲೆಗೆ ಒಂದೂ ಆಗುವುದಿಲ್ಲ.

ಪೋ ಚಾಯ್ ಗುಳಿಗೆ ಹುಟ್ಟಿದ್ದೇ ಫೋಶಾನ್‌ನಲ್ಲಿ, 1896ರಲ್ಲಿ. ಪುಟ್ಟ ಶೀಶೆಯಲ್ಲಿ ಸಣ್ಣ ಸಣ್ಣ ಗುಳಿಗೆಗಳು; ಶೀಶೆಯನ್ನು ಇಡಿಯಾಗಿ ಬಾಯಿಗೆ ಸುರಿದುಕೊಂಡು ಮೇಲೆ ಬಿಸಿನೀರು. ಪಚೋಲಿ ಎಲೆ, ಕಿತ್ತಳೆ ಸಿಪ್ಪೆ, ಪುದೀನ, ಇನ್ನೂ ಹತ್ತಾರು ಬೇರು ತೊಗಟೆಗಳು ಅದರಲ್ಲಿವೆ. ಹೊಟ್ಟೆಯುಬ್ಬರ, ಹುಳಿತೇಗು, ಜಿಡ್ಡು ತಿಂದ ಭಾರ ಇಳಿಯುವುದು ನನಗೆ ಸ್ಪಷ್ಟವಾಗಿ ಗೊತ್ತಾಗಿದೆ. ಕ್ಯಾಪ್ಸೂಲ್ ರೂಪದ್ದನ್ನು ಮಾತ್ರ ಮುಟ್ಟಬೇಡಿ: 2010ರಲ್ಲಿ ಅದರಲ್ಲಿ ತೂಕ ಇಳಿಸುವ ಮದ್ದು ಸಿಬುಟ್ರಮಿನ್ ಮತ್ತು ಭೇದಿ ಮಾಡಿಸುವ ಫೀನಾಲ್ಫ್ತಲೀನ್ ಸಿಕ್ಕಿ ಹಾಂಗ್‌ಕಾಂಗ್‌ನಲ್ಲಿ ಮಾರುಕಟ್ಟೆಯಿಂದ ವಾಪಸ್ ತೆಗೆಸಿದ್ದರು.

ಹ್ವೋಶಿಯಾಂಗ್ ಝೆಂಗ್‌ಚಿ ದ್ರವ ಇದರ ಎದುರಾಳಿ. ವಾಂತಿ ಭೇದಿ ಎಂದರೆ ಚೀನಾದ ಮನೆಮನೆಯಲ್ಲೂ ಮೊದಲು ತೆರೆಯುವುದು ಇದನ್ನೇ. ವಾಸನೆಗೇ ಕಣ್ಣಲ್ಲಿ ನೀರು ಬರುತ್ತದೆ. ಆದರೆ ಈ 10 ಮಿ.ಲೀ. ಬಾಟಲಿಯಲ್ಲಿ ಶೇ. 40ರಿಂದ 50ರಷ್ಟು ಆಲ್ಕೋಹಾಲ್ ಇದೆ! ಕುಡಿದು ಕೆಟ್ಟ ಹೊಟ್ಟೆಗೆ ಇನ್ನಷ್ಟು ಕುಡಿಸುವ ಮದ್ದು. ಸೋಂಗ್ ರಾಜವಂಶದ ಕಾಲದ (10ರಿಂದ 13ನೇ ಶತಮಾನ) ಸರ್ಕಾರಿ ಔಷಧ ಸಂಹಿತೆಯಲ್ಲಿ ಇದು ಪುಡಿಯಾಗಿತ್ತು. ಶುಂಠಿ, ಜುಜುಬೆ ಹಣ್ಣಿನೊಂದಿಗೆ ನೀರಿನಲ್ಲಿ ಕುದಿಸುತ್ತಿದ್ದರು. ಆಲ್ಕೋಹಾಲ್ ಇಲ್ಲದ ‘ಕೋಫೂಯೆ’ ಎಂಬ ರೂಪವೂ ಸಿಗುತ್ತದೆ, ಕೇಳಿ ಅದನ್ನೇ ಪಡೆಯಬೇಕು. ಸೆಫಲೋಸ್ಪೊರಿನ್ ಗುಂಪಿನ ಕೆಲವು ಆಂಟಿಬಯೋಟಿಕ್ ನಡೆಯುತ್ತಿದ್ದರಂತೂ ಆಲ್ಕೋಹಾಲ್ ಇರುವ ರೂಪ ಅಪಾಯ: ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿಯಬಹುದು. ವಾಕರಿಕೆಗೆ ಇದು ಪೋ ಚಾಯ್‌ಗಿಂತ ಬೇಗ ಕೆಲಸ ಮಾಡಿತು ಎನ್ನುವುದನ್ನು ಒಪ್ಪಲೇಬೇಕು.

ಕುಡಿತದ ಮದ್ದು ಎಂದು ಹೆಚ್ಚಾಗಿ ಮಾರಾಟವಾಗುವುದು ಕುಡ್ಜು ಬಳ್ಳಿ. ನನಗೆ ಅತಿ ಹೆಚ್ಚು ಅನುಮಾನ ಇರುವುದೂ ಇದರ ಮೇಲೆಯೇ. ಹದಿಮೂರನೇ ಶತಮಾನದ ವೈದ್ಯ ಲಿ ದೊಂಗ್‌ಯುವಾನ್ ಕುಡಿತದ ಮಂಪರಿಗೆಂದು ಹೇಳಿದ ಕಷಾಯದ ಮುಖ್ಯ ದ್ರವ್ಯ ಈ ಬಳ್ಳಿಯ ಹೂವು. ಅಂಗಡಿಯಲ್ಲಿ ಸಿಗುವ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ಬೇರು. 1993ರಲ್ಲಿ ಹಾರ್ವರ್ಡ್‌ನ ಸಂಶೋಧಕರಾದ ಕ್ಯೂಂಗ್ ಮತ್ತು ವ್ಯಾಲಿ, ಬೇರಿನಲ್ಲಿರುವ ಡೈಡ್ಜಿನ್ ಎಂಬ ಅಂಶ ಕೊಟ್ಟರೆ ಇಲಿಯಂಥ ಹ್ಯಾಮ್‌ಸ್ಟರ್‌ಗಳು ಆಲ್ಕೋಹಾಲ್ ಕುಡಿಯುವುದನ್ನು ಕಡಿಮೆ ಮಾಡುತ್ತವೆ ಎಂದು ತೋರಿಸಿದರು. ಆದರೆ ಅದೇ ಡೈಡ್ಜಿನ್, ಮದ್ಯದಿಂದ ದೇಹದೊಳಗೆ ಹುಟ್ಟುವ ಅಸಿಟಾಲ್ಡಿಹೈಡ್ ಎಂಬ ವಿಷವನ್ನು ತೆಗೆಯುವ ಕಿಣ್ವವನ್ನೇ ತಡೆಯುತ್ತದೆ. ಕುಡಿಯುವ ಆಸೆ ತಗ್ಗಿಸಲು ಸರಿಯಿರಬಹುದು, ಕುಡಿದಾದ ಮೇಲೆ ಯಾಕೆ? ಮಾತ್ರೆ ನುಂಗಿದ ಬೆಳಿಗ್ಗೆಗಳಲ್ಲಿ ನನ್ನ ತಲೆನೋವು ಒಂದಿಷ್ಟೂ ಬೇಗ ಹೋಗಲಿಲ್ಲ. ಬೇರಿನ ಹಿಟ್ಟಿನ ಗಂಜಿ ಮಾತ್ರ ಬೇರೆ ಕಥೆ. ಅದು ಬಹುಪಾಲು ಪಿಷ್ಟ. ಬಿಸಿನೀರು ಸುರಿದರೆ ನಮ್ಮ ಕರಾವಳಿಯ ಕೂವೆಹಿಟ್ಟಿನ ಹಾಗೆ ಗಾಜಿನಂತೆ ತಿಳಿಯಾಗುತ್ತದೆ. ಉರಿಯುವ ಹೊಟ್ಟೆಗೆ ಅಷ್ಟು ಹಿತವಾದದ್ದು ಈ ನಾಲ್ಕರಲ್ಲಿ ಇನ್ನೊಂದಿಲ್ಲ.

ಕೊನೆಯದು ಝಿಜೂಝಿ, ಹೊವೇನಿಯಾ ಮರದ ಬೀಜ. ಇದರ ಮರದ ಚಕ್ಕೆಯೊಂದು ಪಾತ್ರೆಯೊಳಗೆ ಬಿದ್ದು ಮದ್ಯವೆಲ್ಲ ನೀರಾಯಿತಂತೆ, ಹಳೆಯ ಮೂಲಿಕೆ ಗ್ರಂಥಗಳ ಕಥೆ. 2012ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಇದರ ಡೈಹೈಡ್ರೊಮೈರಿಸಿಟಿನ್ ಅಂಶವನ್ನು ಇಲಿಗಳ ಮೇಲೆ ಪರೀಕ್ಷಿಸಿ ಅಮಲು ತಗ್ಗುತ್ತದೆ ಎಂದರು. ಅಂದಿನಿಂದ ಪಾಶ್ಚಾತ್ಯ ದೇಶಗಳಲ್ಲೂ ಅದರ ಮಾತ್ರೆಗಳ ಭರಾಟೆ. ಮನುಷ್ಯರ ವಿಷಯಕ್ಕೆ ಬಂದರೆ, 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ವಿಮರ್ಶೆಯೊಂದು ಆಗಿನ ಪ್ರಯೋಗಗಳನ್ನೆಲ್ಲ ಜಾಲಾಡಿ, ಹ್ಯಾಂಗೋವರ್‌ಗೆ ನಂಬಬಹುದಾದ ಮದ್ದು ಯಾವುದೂ ಕಾಣಲಿಲ್ಲ ಎಂದಿತ್ತು. ನನ್ನ ತಲೆಯೂ ಹಾಗೆಯೇ ಹೇಳುತ್ತದೆ. ಆದರೂ ಝಿಜೂಝಿ ಕಷಾಯಕ್ಕೆ ಒಣದ್ರಾಕ್ಷಿಯ ಸಿಹಿ ಇದೆ, ಕುಡಿಯಲು ಒತ್ತಾಯ ಬೇಕಿಲ್ಲ, ಜೊತೆಗೆ ಲೋಟಗಟ್ಟಲೆ ನೀರೂ ಒಳಗೆ ಹೋಗುತ್ತದೆ. ಕಾರ್ಖಾನೆಗೆ ಹೊರಡುವಾಗ ಫ್ಲಾಸ್ಕ್‌ಗೆ ಇದನ್ನೇ ತುಂಬಿಸಿಕೊಳ್ಳುತ್ತೇನೆ. ಅಲ್ಲಿ ಕೊಡುವ ಕಡು ಚಹಾ ಖಾಲಿ ಹೊಟ್ಟೆಗೆ ಬಿದ್ದರೆ ವಾಕರಿಕೆ ಮತ್ತೆ ಶುರುವಾಗುತ್ತದೆ.