ಗಾಳಿಗೂ ಬಾಡಿಗೆ: ಶಿರಸಿಯಿಂದ ಹಪ್ಪಳ, ತೊಡದೇವು ಕಳಿಸುವವಳು ಕಂಡ ಶಿಪ್ಪಿಂಗ್ ಆಪ್

ಅಂಕ ಮೊದಲೇ ಹೇಳಿಬಿಡುತ್ತೇನೆ: ಐದಕ್ಕೆ ಮೂರು. ಪಾರ್ಸೆಲ್ ತಲುಪಿಸುವ ಕೆಲಸಕ್ಕೆ ನಾಲ್ಕು ಕೊಡಬಹುದಿತ್ತು. ಬಿಲ್ ಮಾಡುವ ರೀತಿ ನೋಡಿದರೆ ಎರಡೂ ಹೆಚ್ಚೇ.

ಹಲಸಿನ ಹಪ್ಪಳ, ತೊಡದೇವು (ತೆಳ್ಳನೆಯ ಸಿಹಿ ತಿನಿಸು), ಅಪ್ಪೆಮಿಡಿ ಉಪ್ಪಿನಕಾಯಿ, ಜೇನುತುಪ್ಪ, ಒಣಗಿಸಿದ ಮುರುಗಲು ಸಿಪ್ಪೆ. ಶಿರಸಿ ಹತ್ತಿರದ ನಮ್ಮ ಮನೆಯಿಂದ ಇವು ಬೆಂಗಳೂರು, ಪುಣೆ, ಮುಂಬೈಗೆ ಹೋಗುತ್ತವೆ. ಹಲವು ಕೊರಿಯರ್ ಕಂಪನಿಗಳ ದರವನ್ನು ಒಂದೇ ಪರದೆಯಲ್ಲಿ ತೋರಿಸುವ ಆಪ್ ಒಂದನ್ನು ಕೊರೋನಾ ಕಾಲದಿಂದ ಬಳಸುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬೇರೆ ಆಪ್ ಬಳಸುವ ಗೆಳತಿಯರ ಬಿಲ್ಲನ್ನೂ ನೋಡಿದ್ದೇನೆ, ಅಲ್ಲಿಯೂ ಹೆಚ್ಚುಕಡಿಮೆ ಇದೇ ಕತೆ.

ಒಳ್ಳೆಯದನ್ನು ಬೇಗ ಮುಗಿಸುತ್ತೇನೆ. ಪಿಕಪ್ ಹುಡುಗ ಮನೆ ಬಾಗಿಲಿಗೇ ಬರುತ್ತಾನೆ, ಮಳೆಗಾಲದಲ್ಲೂ. ಪಾರ್ಸೆಲ್ ಎಲ್ಲಿದೆ ಎಂಬುದು ಗ್ರಾಹಕರ ಫೋನಿಗೇ ಹೋಗುವುದರಿಂದ "ಅಕ್ಕಾ, ನಮ್ದು ಎಲ್ಲಿಗ್ ಬಂತು?" ಎಂಬ ಕರೆಗಳು ಕಡಿಮೆಯಾಗಿವೆ. ಹುಬ್ಬಳ್ಳಿ ದಾಟಿದ ಮೇಲೆ ವೇಗದ ಬಗ್ಗೆ ನನ್ನ ತಕರಾರಿಲ್ಲ.

ತಕರಾರಿರುವುದು ದುಡ್ಡಿನ ಬಗ್ಗೆ. ರೇಟ್ ಕಾರ್ಡಿನಲ್ಲಿ ಕಾಣುವ ಮೂಲದರ ಈ ವರ್ಷಗಳಲ್ಲಿ ಏರಿದ್ದು ಸ್ವಲ್ಪವೇ. ಏರಿದ್ದೆಲ್ಲ ಅದರ ಕೆಳಗೆ ಸಣ್ಣಕ್ಷರದಲ್ಲಿ ಸೇರಿಕೊಂಡ ಸಾಲುಗಳು. ಒಂದು ತೊಡದೇವು ಬಾಕ್ಸಿನ ಲೆಕ್ಕ ಹೇಳುತ್ತೇನೆ. ಮೂಲದರ 180 ರೂಪಾಯಿ, ಇಂಧನ ಸರ್‌ಚಾರ್ಜ್ ಶೇ 20 ಎಂದು 36, ಕ್ಯಾಶ್ ಆನ್ ಡೆಲಿವರಿಗೆ 45. ಒಟ್ಟು 261. ಅದರ ಮೇಲೆ ಶೇ 18 ಜಿಎಸ್‌ಟಿ. ಕೊನೆಗೆ 308 ರೂಪಾಯಿ. ಗಿರಾಕಿಯಿಂದ ನಾನು ತೆಗೆದುಕೊಂಡದ್ದು ಮೂಲದರವಷ್ಟೇ.

ಆ 180 ಕೂಡ ನಿಜವಾದ ತೂಕದ ದರವಲ್ಲ. ತಕ್ಕಡಿಯಲ್ಲಿ ಬಾಕ್ಸು 1.2 ಕೆಜಿ. ಆದರೆ ಕೊರಿಯರಿನವರು ಇನ್ನೊಂದು ತೂಕ ಹಾಕುತ್ತಾರೆ: ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸುವುದು. ಇದೇ ವಾಲ್ಯೂಮೆಟ್ರಿಕ್ ತೂಕ. ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಿಲ್. ನನ್ನ ಹಳೆಯ ಬಾಕ್ಸು 32, 26, 20. ಭಾಗಿಸಿದರೆ 3.33 ಕೆಜಿ, ಅರ್ಧರ್ಧ ಕೆಜಿಯ ಹಂತಕ್ಕೆ, ಅಂದರೆ ಸ್ಲ್ಯಾಬಿಗೆ, ಮೇಲೇರಿಸಿ 3.5. ಕೆಲವು ಕಂಪನಿಗಳು 5000ದ ಬದಲು 4000ದಿಂದ ಭಾಗಿಸುತ್ತವೆ. ಆಗ ಅದೇ ಬಾಕ್ಸು 4.5ರ ಸ್ಲ್ಯಾಬಿಗೆ ಏರುತ್ತದೆ. ಆಪಿನಲ್ಲಿ ಅಗ್ಗವಾಗಿ ಕಂಡ ಕಂಪನಿ ಬಿಲ್ಲಿನಲ್ಲಿ ದುಬಾರಿಯಾಗುವುದು ಹೆಚ್ಚಾಗಿ ಇಲ್ಲೇ.

ಲಾರಿಯಲ್ಲಿ ಜಾಗ ಹಿಡಿಯುವ ಹಗುರ ಸಾಮಾನಿಗೆ ಜಾಗದ ಬಾಡಿಗೆ ಕೇಳುವುದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ನಮ್ಮ ಕಡೆಯ ತಿನಿಸುಗಳಿಗೆ ಇದಕ್ಕಿಂತ ಕೆಟ್ಟ ಲೆಕ್ಕ ಇನ್ನೊಂದಿರಲಾರದು. ಬೋರಲು ಹಾಕಿದ ಗಡಿಗೆಯ ಮೇಲೆ ಕಾಗದದಷ್ಟು ತೆಳ್ಳಗೆ ಎಳೆದು ಮಡಿಸಿದ ತೊಡದೇವು ಮುಟ್ಟಿದರೆ ಪುಡಿ. ಒಡೆಯದಂತೆ ಸುತ್ತ ಬಬಲ್ ರ‍್ಯಾಪ್ ತುಂಬಬೇಕು, ತುಂಬಿದಷ್ಟೂ ಬಾಕ್ಸು ದೊಡ್ಡದಾಗಿ ಬಿಲ್ಲಿನ ತೂಕ ಏರುತ್ತದೆ. ಬಿಲ್ಲು ಓದಿ ಹೇಳಿದಾಗ ದೊಡ್ಡಮ್ಮ ಕೇಳಿದ್ದು, "ಗಾಳಿಗೂ ದುಡ್ಡು ತಗತ್ವ ಕೂಸೆ?" ಹೌದು, ತೆಗೆದುಕೊಳ್ಳುತ್ತಾರೆ. ಜೇನುತುಪ್ಪಕ್ಕೆ ಈ ಕಾಟವಿಲ್ಲ, ಲೀಟರಿಗೆ ಸುಮಾರು 1.4 ಕೆಜಿ ತೂಗುವ ಸಾಮಾನದು. ಅದರ ಗೋಳು ಸೋರಿಕೆ.

ಇನ್ನೊಂದು ಸೂಕ್ಷ್ಮವಿದೆ. ಕೊರಿಯರಿನವರು ಪಾರ್ಸೆಲ್ ವಿಂಗಡಿಸುವ ಕೇಂದ್ರದ, ಅಂದರೆ ಹಬ್ಬಿನ, ಯಂತ್ರ ಬಾಕ್ಸಿನ ಅತಿ ಉಬ್ಬಿದ ಜಾಗವನ್ನು ಅಳೆಯುತ್ತದೆ. ಮುಚ್ಚಳ ಎರಡು ಸೆಂಟಿಮೀಟರ್ ಉಬ್ಬಿತೆಂದರೆ ನನ್ನ 3.33 ಹೋಗಿ 3.66 ಆಯಿತು, ಬಿಲ್ಲು 4 ಕೆಜಿಗೆ. ಆ ವ್ಯತ್ಯಾಸ ಪಾರ್ಸೆಲ್ ತಲುಪಿದ ಮೇಲೆ ಆಪಿನಲ್ಲಿರುವ ನನ್ನ ವಾಲೆಟ್ಟಿನಿಂದ ತಾನಾಗಿಯೇ ಕಡಿತವಾಗುತ್ತದೆ. ವೇಟ್ ಡಿಸ್‌ಪ್ಯೂಟ್ (ತೂಕದ ಬಗ್ಗೆ ತಕರಾರು) ಹಾಕಲು ಗಡುವುಂಟು. ಟೇಪು ಹಿಡಿದ ಫೋಟೋ, ತಕ್ಕಡಿಯ ಫೋಟೋ, ಎಡಬ್ಲ್ಯೂಬಿ ನಂಬರ್ (ಪಾರ್ಸೆಲ್ಲಿನ ಗುರುತು ಸಂಖ್ಯೆ) ಕಾಣುವ ಫೋಟೋ ಮೂರನ್ನೂ ಪ್ಯಾಕ್ ಮಾಡಿದ ದಿನವೇ ತೆಗೆದಿಟ್ಟಿದ್ದಕ್ಕೆ ಕೆಲವು ಸಲ ದುಡ್ಡು ವಾಪಸ್ ಬಂದಿದೆ. ಬಾರದಾಗ ಬರುವ ಉತ್ತರ ಒಂದೇ: "ನಿಮ್ಮ ದೂರನ್ನು ಮುಕ್ತಾಯಗೊಳಿಸಲಾಗಿದೆ."

ಇಂಧನ ಸರ್‌ಚಾರ್ಜ್ ವಿಷಯ. 2025ರ ಏಪ್ರಿಲ್ 1ರಿಂದ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿತು, ಲೀಟರಿಗೆ ಸುಮಾರು ಎರಡು ರೂಪಾಯಿ ಹೆಚ್ಚಾಯಿತು. ಸರಿ, ಸರ್‌ಚಾರ್ಜ್ ಏರಲಿ. ಆದರೆ 2024ರ ಮಾರ್ಚ್‌ನಲ್ಲಿ ತೈಲ ಕಂಪನಿಗಳು ಡೀಸೆಲ್ ದರವನ್ನು ಎರಡು ರೂಪಾಯಿ ಇಳಿಸಿದಾಗ ನನ್ನ ಬಿಲ್ಲಿನಲ್ಲಿ ಒಂದು ಪೈಸೆ ಇಳಿಯಲಿಲ್ಲ. ಮೇಲೆ ಹತ್ತುವುದು ಮಾತ್ರ ಗೊತ್ತು ಇದಕ್ಕೆ.

ಜಿಎಸ್‌ಟಿ ಇನ್ನೂ ತಮಾಷೆ. ಹಪ್ಪಳಕ್ಕೆ ಜಿಎಸ್‌ಟಿ ಇಲ್ಲ, ಅದನ್ನು ಹೊತ್ತೊಯ್ಯುವ ಕೊರಿಯರಿಗೆ ಶೇ 18. ತೆರಿಗೆಯೇ ಇಲ್ಲದ ಮಾಲು ಮಾರಿದವರಿಗೆ ಆ 18ರ ಇನ್‌ಪುಟ್ ಕ್ರೆಡಿಟ್ಟೂ, ಅಂದರೆ ಕಟ್ಟಿದ ತೆರಿಗೆಯನ್ನು ಮುಂದೆ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶವೂ, ಸಿಗುವುದಿಲ್ಲ. ಅದು ಪೂರ್ತಿ ನಮ್ಮ ತಲೆ ಮೇಲೆ.

ಹಳ್ಳಿ ವಿಳಾಸಗಳಿಗೆ ಒಡಿಎ ಎಂಬ ಮತ್ತೊಂದು ಶುಲ್ಕ ಬೀಳುತ್ತದೆ, ಅಂದರೆ ಅವರ ಡೆಲಿವರಿ ವ್ಯಾಪ್ತಿಯ ಹೊರಗಿನ ಪಿನ್ ಕೋಡ್. ಹಾಸ್ಯವೆಂದರೆ ನಮ್ಮದೇ ಜಿಲ್ಲೆಯ ಒಳಗಿನ ಪಾರ್ಸೆಲ್ಲೂ ಘಟ್ಟ ಇಳಿಯುವ ಮೊದಲು ಹುಬ್ಬಳ್ಳಿಯ ಹಬ್ಬಿಗೆ ಹೋಗಿ ಬರುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದ್ ಆದಾಗ ಕರಾವಳಿಯ ಪಾರ್ಸೆಲ್ಲುಗಳು ತಡವಾದವು. ಅದಕ್ಕೆ ಯಾರನ್ನೂ ದೂರುವ ಹಾಗಿಲ್ಲ.

ಈಗ ನಾನು ಮಾಡುತ್ತಿರುವುದು ಇಷ್ಟು. ಕ್ಯಾಶ್ ಆನ್ ಡೆಲಿವರಿ ನಿಲ್ಲಿಸಿದೆ. ಗಿರಾಕಿ ಬಾಗಿಲು ತೆಗೆಯದಿದ್ದರೆ ಹೋದ ಬಾಡಿಗೆಯ ಜೊತೆ ಬಂದ ಬಾಡಿಗೆಯೂ ನಮ್ಮದೇ, ತಿರುಗಿ ಬಂದ ತೊಡದೇವು ದನದ ಅಕ್ಕಚ್ಚಿಗೆ. ಯುಪಿಐ ಮಾಡಿದ ಮೇಲೆಯೇ ಪ್ಯಾಕಿಂಗ್ ಅಂದಿದ್ದಕ್ಕೆ ಕೆಲವು ಗಿರಾಕಿಗಳು ಹೋದರು, ಉಳಿದವರು ಸಾಕು. ಬಾಕ್ಸು 24, 24, 12ಕ್ಕೆ ಇಳಿಸಿದೆ, 1.38 ಕೆಜಿ, ಸ್ಲ್ಯಾಬು 1.5. ಬಬಲ್ ರ‍್ಯಾಪ್ ಬದಲು ನಡುನಡುವೆ ರಟ್ಟಿನ ಹಾಳೆ ಹಾಕುತ್ತೇವೆ. ಪುಡಿಯಾಗುವುದು ಸ್ವಲ್ಪ ಹೆಚ್ಚಾಗಿದೆ, ಸುಳ್ಳು ಹೇಳುವುದಿಲ್ಲ.

ಅಂಚೆಯೂ ಅಗ್ಗವೇನಲ್ಲ. 2012ರಿಂದ ಹಾಗೇ ಇದ್ದ ಸ್ಪೀಡ್ ಪೋಸ್ಟ್ ಪತ್ರ-ದಾಖಲೆಗಳ ದರ 2025ರ ಅಕ್ಟೋಬರ್ 1ರಿಂದ ಬದಲಾಗಿದೆ, ರಿಜಿಸ್ಟರ್ಡ್ ಅಂಚೆಯನ್ನೂ ಸ್ಪೀಡ್ ಪೋಸ್ಟಿನೊಳಗೇ ಸೇರಿಸಿದರು. ಆದರೂ ಜೇನು, ಕಾಳುಮೆಣಸಿನಂಥ ಭಾರದ ಸಾಮಾನನ್ನು ನಾನು ಅಂಚೆ ಕಚೇರಿಗೇ ಒಯ್ಯುತ್ತೇನೆ. ಕೌಂಟರಿನಲ್ಲಿ ಕಣ್ಣೆದುರು ತೂಗಿ ರಸೀದಿ ಕೊಟ್ಟರೆ ಮುಗಿಯಿತು, ಆಮೇಲೆ ವಾಲೆಟ್ಟಿಗೆ ಕೈ ಹಾಕುವವರಿಲ್ಲ.

ಬೆಂಗಳೂರಿನ ಅಂಗಡಿಯವರಿಗೆ ಹೋಗುವ ದೊಡ್ಡ ಪೆಟ್ಟಿಗೆಗಳು ರಾತ್ರಿ ಬಸ್ಸಿಗೆ. ಒಂದು ಪೆಟ್ಟಿಗೆಗೆ ಇಷ್ಟು ಎಂದು ಬಾಯಿಮಾತಿನ ದರ, ಬೆಳಿಗ್ಗೆ ಅವರೇ ಬಂದು ಇಳಿಸಿಕೊಳ್ಳಬೇಕು. ಮನೆ ಗಿರಾಕಿಗೆ ಇದು ಆಗುವ ಮಾತಲ್ಲ, ಆದ್ದರಿಂದ ಆಪ್ ಬಿಟ್ಟಿಲ್ಲ.

ಹೊಸದಾಗಿ ಸೇರುವವರು ಮೂಲದರ ಕೇಳಬೇಡಿ. ಎಷ್ಟರಿಂದ ಭಾಗಿಸುತ್ತೀರಿ, ಸ್ಲ್ಯಾಬು ಅರ್ಧ ಕೆಜಿಯದೋ ಒಂದು ಕೆಜಿಯದೋ, ಇಂಧನ ಸರ್‌ಚಾರ್ಜ್ ರೇಟ್ ಕಾರ್ಡಿನ ಒಳಗೋ ಹೊರಗೋ, ಈ ಮೂರನ್ನು ಇಮೇಲಿನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಸೇಲ್ಸಿನವರು ಎಲ್ಲದಕ್ಕೂ ಹ್ಞೂಂ ಅನ್ನುತ್ತಾರೆ.