ಆಸ್ಪತ್ರೆ ಪಟ್ಟಿಯಲ್ಲಿದ್ದರೆ ಡಾಕ್ಟರೂ ಇದ್ದಾರೆ ಅಂತಲ್ಲ!

ಕಂಪನಿ ಕೊಟ್ಟ ವಿಮೆ ನಂಬಿಕೊಂಡು ಶಿವಮೊಗ್ಗದಲ್ಲಿ ಅಪ್ಪ ಅಮ್ಮನಿಗೆ ಆಪರೇಷನ್ ಮಾಡಿಸೋರು ಇದನ್ನ ಓದಿ. ಟಿಪಿಎ (ವಿಮಾ ಕಂಪನಿ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಆ್ಯಪ್‌ನಲ್ಲಿ ತೋರಿಸುವ ನೆಟ್‌ವರ್ಕ್ ಪಟ್ಟಿ ವಿಮೆ ಜೊತೆ ಒಪ್ಪಂದ ಇರುವ ಆಸ್ಪತ್ರೆಗಳದ್ದು ಮಾರಾಯ್ರೆ, ಡಾಕ್ಟರುಗಳದ್ದಲ್ಲ.

ಅಮ್ಮನ ಪಿತ್ತಕೋಶದ ಕಲ್ಲಿಗೆ ಲ್ಯಾಪ್ರೋಸ್ಕೋಪಿ. ಮೊದಲಿಂದ ನೋಡುತ್ತಿದ್ದ ಸರ್ಜನ್ನೇ ಬೇಕು ಅಂತ, ಅವರು ಬಂದು ಆಪರೇಷನ್ ಮಾಡುವ ನೆಟ್‌ವರ್ಕ್ ಆಸ್ಪತ್ರೆಗೇ ಸೇರಿಸಿದ್ದು. ವಿಮೆ ಕೌಂಟರಿನಲ್ಲಿ "ಕ್ಯಾಶ್‌ಲೆಸ್ ಇದೆ ಸಾರ್, ಕಾರ್ಡು, ಆಧಾರ್ ಕೊಡಿ ಸಾಕು" ಅಂದರು. ಪ್ರೀ-ಆಥ್ (ವಿಮೆಯ ಮುಂಗಡ ಒಪ್ಪಿಗೆ) ಕೂಡ ಬಂತು. ಆಪರೇಷನ್ನಿನ ಹಿಂದಿನ ಸಂಜೆ, ಪ್ಯಾಕೇಜ್ (ಆಪರೇಷನ್ನಿಗೆ ವಿಮೆ ಜೊತೆ ಗೊತ್ತು ಮಾಡಿಕೊಂಡ ಒಟ್ಟು ದರ) ಮೀರಿದ್ದನ್ನ ನಾವೇ ಕಟ್ತೀವಿ ಅನ್ನುವ ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಎಲ್ಲರ ಹತ್ರನೂ ತಗೊಳ್ತೀವಿ ಸಾರ್, ಫಾರ್ಮಾಲಿಟಿ."

ಡಿಸ್ಚಾರ್ಜ್ ಹೊತ್ತಿಗೆ: "ಸರ್ಜನ್ ಫೀಸು 15,000 ಬೇರೆ." ಯಾಕೆ? "ಆಸ್ಪತ್ರೆ ಪ್ಯಾನೆಲ್‌ನಲ್ಲಿದೆ, ಆ ಡಾಕ್ಟರ್ ಇಲ್ಲ. ವಿಸಿಟಿಂಗ್ ಅವ್ರು." ಸೇರಿಸುವಾಗ ಹೇಳಬಹುದಿತ್ತಲ್ಲ? "ನೀವು ಕೇಳಲಿಲ್ಲವಲ್ಲ ಸಾರ್." ಕೇಳಲಿಲ್ಲವಂತೆ! ಕೈಗೆ ಕೊಟ್ಟಿದ್ದು ಲೆಟರ್‌ಹೆಡ್ ಮೇಲೆ ಗೀಚಿದ ಚೀಟಿ. ಆಸ್ಪತ್ರೆ ಬಿಲ್ಲಿನೊಳಗೆ ಇಲ್ಲದ, ನಂಬರೂ ಇಲ್ಲದ ಚೀಟಿಯನ್ನ ಟಿಪಿಎ ಮೂಸಿಯೂ ನೋಡಲಿಲ್ಲ.

ಅಷ್ಟಕ್ಕೇ ಮುಗೀಲಿಲ್ಲ. ವಿಮೆ 3 ಲಕ್ಷ, ರೂಮ್ ಬಾಡಿಗೆಗೆ ಮಿತಿ ಶೇ. 1, ಅಂದರೆ ದಿನಕ್ಕೆ 3,000. "ಶೇರಿಂಗ್ ಖಾಲಿ ಇಲ್ಲ" ಅಂತ 4,500ರ ರೂಮಿಗೆ ಹಾಕಿದರು. ವ್ಯತ್ಯಾಸ ದಿನಕ್ಕೆ 1,500 ತಾನೆ ಅನ್ನಿಸುತ್ತೆ. ಅಲ್ಲ! ಓಟಿ, ಅನಸ್ತೇಷಿಯಾ, ನರ್ಸಿಂಗ್, ಎಲ್ಲದರಲ್ಲೂ ಮೂರರಲ್ಲಿ ಒಂದು ಪಾಲು ಕಟ್. ರೂಮ್ ಬಾಡಿಗೆ ಮಿತಿ ಮೀರಿದ ಅನುಪಾತದಲ್ಲೇ ಇವನ್ನೂ ಕಡಿಯುತ್ತಾರೆ. ಅವೆಲ್ಲ ಸೇರಿ 60,000 ಇದ್ದರೆ 20,000 ಹೋಯಿತು. ಗ್ಲೌಸು, ಸಿರಿಂಜು ಅಂತ ಕಳೆದದ್ದು ಬೇರೆ. ಉಳಿದದ್ದರ ಮೇಲೆ ಪೋಷಕರಿಗೆ ಶೇ. 20 ಕೋ-ಪೇ, ಅಂದರೆ ಅಷ್ಟು ನಾವೇ ಕಟ್ಟಬೇಕು. ಇದಕ್ಕೆ ಕ್ಯಾಶ್‌ಲೆಸ್ ಅಂತ ಹೆಸರು.

ಔಷಧಿಗೂ ಸ್ಕ್ಯಾನಿಂಗಿಗೂ ಅದೇ ಪಾಲು ಕಡಿದಿದ್ದರು. 2020ರ ಐಆರ್‌ಡಿಎಐ (ವಿಮಾ ನಿಯಂತ್ರಣ ಪ್ರಾಧಿಕಾರ) ನಿಯಮದಲ್ಲಿ ಔಷಧಿ, ಇಂಪ್ಲಾಂಟ್, ತಪಾಸಣೆಗಳಿಗೆ ಹೀಗೆ ಕಡಿಯುವಂತಿಲ್ಲ, ಐಸಿಯುಗೂ ಇಲ್ಲ. ಬರೆದು ಕೇಳಿದ ಮೇಲೆ "ಸಿಸ್ಟಮ್ ಎರರ್" ಅಂತ ವಾಪಸ್ ಹಾಕಿದರು. ಕೇಳದವರ ದುಡ್ಡು?

ನಿಮಗೆ ಆ ಡಾಕ್ಟರೇ ಬೇಕಾದರೆ ಮೊದಲು ಅವರನ್ನೇ ಕೇಳಿ: ನಿಮ್ಮ ಫೀಸು ಪ್ಯಾಕೇಜಿನೊಳಗೋ ಹೊರಗೋ? ಹೊರಗೆ ಅಂದರೆ, ಅವರೇ ಹೋಗುವ ಸಣ್ಣ ನರ್ಸಿಂಗ್ ಹೋಮ್ ಪಟ್ಟಿಯಲ್ಲಿ ಇಲ್ಲದಿದ್ದರೂ ಲೆಕ್ಕ ಹಾಕಿ ನೋಡಿ. ಮೊದಲು ಕೈಯಿಂದ ಕಟ್ಟಿ ಆಮೇಲೆ ವಿಮೆಯಿಂದ ವಾಪಸ್ ತಗೋಬೇಕು, ನಿಜ. ಆದರೆ ರೂಮು ಮಿತಿಯೊಳಗೆ ಸಿಕ್ಕಿ, ಸರ್ಜನ್ ಫೀಸು ಅದೇ ಬಿಲ್ಲಿನಲ್ಲಿ ಬಂದರೆ ರಿಇಂಬರ್ಸ್‌ಮೆಂಟೇ ಲಾಭ. ಆ ನರ್ಸಿಂಗ್ ಹೋಮಿಗೆ ಕೆಪಿಎಂಇ (ಖಾಸಗಿ ಆಸ್ಪತ್ರೆಗಳ ರಾಜ್ಯ ಕಾಯ್ದೆ) ನೋಂದಣಿ ಇದೆಯಾ, ನೆಟ್‌ವರ್ಕ್ ಹೊರಗೆ ಹೋದರೆ ಹೆಚ್ಚಿನ ಕೋ-ಪೇ ಇದೆಯಾ, ಎಚ್‌ಆರ್‌ಗೆ ಮೇಲ್ ಹಾಕಿ ಉತ್ತರ ತರಿಸಿಕೊಳ್ಳಿ. ಫೋನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ಶೇರಿಂಗ್ ಇಲ್ಲ ಅಂದರೆ ಅದನ್ನೂ ಬರೆದುಕೊಡಿ ಅನ್ನಿ.

15,000ಕ್ಕೆ ವಿಮಾ ಕಂಪನಿಗೆ ದೂರು ಕೊಟ್ಟಾಗಿದೆ. ಒಂದು ತಿಂಗಳಲ್ಲಿ ಸರಿಯಾದ ಉತ್ತರ ಬರದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರ ಹತ್ತಿರ, ಅಲ್ಲಿ ಶುಲ್ಕವಿಲ್ಲ. ಎಚ್‌ಆರ್ ಹೇಳಿದ್ದು: "ಮುಂದಿನ ರಿನ್ಯೂವಲ್‌ನಲ್ಲಿ ನೋಡೋಣ."