ವಿಪತ್ತು ನಿರ್ವಹಣೆ ಪದವಿಯ ಹೆಸರಿನಲ್ಲಿ ನಡೆಯುವ ‘ಅಧ್ಯಯನ ಕೇಂದ್ರ’ಗಳ ಬಗ್ಗೆ ಎಚ್ಚರವಿರಲಿ

ವಿಪತ್ತು ನಿರ್ವಹಣೆ ಮತ್ತು ಮಾನವ ಭದ್ರತೆಯಲ್ಲಿ ಸ್ನಾತಕೋತ್ತರ ಪದವಿ ಕೊಡಿಸುವುದಾಗಿ ಹೇಳುವ ಬೆಂಗಳೂರಿನ ಅಧ್ಯಯನ ಕೇಂದ್ರಗಳಿಗೆ ಶುಲ್ಕ ಕಟ್ಟಲು ಹೊರಟವರು ದಯವಿಟ್ಟು ಇದನ್ನು ಓದಬೇಕು. ನಾನು ಸೇರಿದ ಕೇಂದ್ರದ ಫಲಕದಲ್ಲಿ ಹೊರರಾಜ್ಯದ ಖಾಸಗಿ ವಿಶ್ವವಿದ್ಯಾಲಯವೊಂದರ ಹೆಸರಿತ್ತು. ಶುಲ್ಕದ ರಸೀದಿ ಮಾತ್ರ ಯಾವುದೋ ಟ್ರಸ್ಟ್‌ನ ಹೆಸರಿನಲ್ಲಿ ಬಂತು. ವಿಚಾರಿಸಿದರೆ, ಎಲ್ಲ ಕಡೆಯೂ ಹೀಗೇ ಇರುತ್ತದೆ ಎಂದರು.

ಪಠ್ಯಕ್ರಮ ನೋಡಲು ಚೆನ್ನಾಗಿಯೇ ಇತ್ತು. 2005ರ ವಿಪತ್ತು ನಿರ್ವಹಣಾ ಕಾಯ್ದೆ, ವಿಶ್ವಸಂಸ್ಥೆಯ 1994ರ ಮಾನವ ಅಭಿವೃದ್ಧಿ ವರದಿ ಗುರುತಿಸಿದ, ಆಹಾರ, ಆರೋಗ್ಯದಂಥ ಏಳು ಬಗೆಯ ಮಾನವ ಭದ್ರತೆಗಳು, ವಿಪತ್ತಿನ ಅಪಾಯ ತಗ್ಗಿಸಲು ದೇಶಗಳು ಒಪ್ಪಿಕೊಂಡ 2015ರ ಸೆಂಡೈ ಚೌಕಟ್ಟು, ಎಲ್ಲವೂ ಅದರಲ್ಲಿದ್ದವು. ತರಗತಿಯಲ್ಲಿ ನಡೆದದ್ದು ಮಾತ್ರ ಜೆರಾಕ್ಸ್ ನೋಟ್ಸ್‌ನ ಓದು. 2022ರ ಸೆಪ್ಟೆಂಬರ್‌ನಲ್ಲಿ ಮುಳುಗಿದ ಬೆಳ್ಳಂದೂರು, ಮಹದೇವಪುರಗಳ ರಾಜಕಾಲುವೆಗಳನ್ನಾಗಲಿ, ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನಾಗಲಿ ಒಮ್ಮೆಯೂ ತೋರಿಸಲಿಲ್ಲ. 2010ರ ಫೆಬ್ರವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಒಂಬತ್ತು ಜನರನ್ನು ಬಲಿ ತೆಗೆದುಕೊಂಡ ಬೆಂಕಿಯ ಪಾಠ ನಡೆಯುತ್ತಿದ್ದ ದಿನವೂ ನಮ್ಮ ಮಹಡಿಯ ತುರ್ತು ನಿರ್ಗಮನ ಬಾಗಿಲಿಗೆ ಬೀಗ ಬಿದ್ದಿತ್ತು. ಪಕ್ಕದಲ್ಲೇ ತೂಗುಹಾಕಿದ್ದ ಅಗ್ನಿಶಾಮಕ ಸಿಲಿಂಡರಿನ ಚೀಟಿಯಲ್ಲಿದ್ದ ಅವಧಿ ಎಂದೋ ಮುಗಿದಿತ್ತು. ಇವರಿಂದ ಕಲಿಯುವುದೇನು ಎಂದು ಅಂದೇ ಅನ್ನಿಸಿತು.

ಬಿಡುತ್ತೇನೆಂದಾಗ, ಉಳಿದ ಅವಧಿಯ ಶುಲ್ಕವನ್ನೂ ಕಟ್ಟಿದರೆ ಮಾತ್ರ, ಸೇರುವಾಗ ಇಟ್ಟುಕೊಂಡಿದ್ದ ನನ್ನ ಮೂಲ ಅಂಕಪಟ್ಟಿ ಕೊಡುವುದಾಗಿ ಹೇಳಿದರು. ಮೂಲ ಪ್ರಮಾಣಪತ್ರಗಳನ್ನು ಸಂಸ್ಥೆಗಳು ಇಟ್ಟುಕೊಳ್ಳುವಂತಿಲ್ಲ ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿ ಲಗತ್ತಿಸಿ ಆ ವಿಶ್ವವಿದ್ಯಾಲಯದ ಕುಲಸಚಿವರಿಗೇ ಪತ್ರ ಬರೆದೆ. ಬೆಂಗಳೂರಿನಲ್ಲಿ ತಮಗೆ ಯಾವ ಕೇಂದ್ರವೂ ಇಲ್ಲವೆಂಬ ಉತ್ತರ ಬಂತು. ಆ ಉತ್ತರವನ್ನು ಮುಂದಿಟ್ಟ ಮೇಲೆ ಅಂಕಪಟ್ಟಿ ಕೈಸೇರಿತು, ಹಣ ಸೇರಲಿಲ್ಲ.

ರಾಜ್ಯ ಕಾಯ್ದೆಯಡಿ ಸ್ಥಾಪಿತವಾದ ಖಾಸಗಿ ವಿಶ್ವವಿದ್ಯಾಲಯ ತನ್ನ ರಾಜ್ಯದ ಗಡಿಯಾಚೆ ಕೇಂದ್ರ ತೆರೆಯುವಂತಿಲ್ಲ ಎಂಬುದನ್ನು, ಯಶ್‌ಪಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ನೀಡಿದ ತೀರ್ಪನ್ನು ಉಲ್ಲೇಖಿಸಿ ಯುಜಿಸಿ ಮತ್ತೆ ಮತ್ತೆ ಹೇಳಿದೆ. ಆದ್ದರಿಂದ ಯುಜಿಸಿ ಪಟ್ಟಿಯಲ್ಲಿ ವಿಶ್ವವಿದ್ಯಾಲಯದ ಹೆಸರಿದ್ದರಷ್ಟೇ ಸಾಲದು, ಅದರ ವ್ಯಾಪ್ತಿಯನ್ನೂ ನೋಡಬೇಕು. ದೂರಶಿಕ್ಷಣವಾದರೆ ಆಯಾ ವರ್ಷಕ್ಕೆ ಆ ಕೋರ್ಸಿಗೆ ಮಾನ್ಯತೆಯಿದೆಯೇ ಎಂಬುದನ್ನೂ ಪರಿಶೀಲಿಸಬೇಕು. ವಿಷಯದ ಪರಿಚಯವಷ್ಟೇ ಸಾಕೆನ್ನುವವರಿಗೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಸಂಸ್ಥೆಯ ಆನ್‌ಲೈನ್ ಕೋರ್ಸುಗಳಿವೆ. ಎಲ್ಲಿಗೇ ಸೇರಿದರೂ ಮೂಲ ದಾಖಲೆಗಳನ್ನು ತೋರಿಸಿ, ನಕಲು ಕೊಟ್ಟು, ಅಲ್ಲೇ ವಾಪಸ್ ಪಡೆಯಿರಿ. ವಿಶ್ವವಿದ್ಯಾಲಯದ ಹೆಸರಿಲ್ಲದ ರಸೀದಿಗೆ ಹಣ ಕಟ್ಟಬೇಡಿ.